ಗೋಧಿ ಬೇಡ, ಹಾಲೂ ಬೇಡ: ಅಡುಗೆಮನೆಯಲ್ಲೇ ಗೆಲ್ಲುವ ಸೂತ್ರಗಳು

ಗ್ಲುಟೆನ್ ಇಲ್ಲದ ವೀಗನ್ ಊಟ ಶುರು ಮಾಡುತ್ತೇನೆ ಎಂದು ಹೊರಟವರು ಮೊದಲು ಹೋಗುವುದು ಸೂಪರ್‌ಮಾರ್ಕೆಟ್ಟಿನ ದುಬಾರಿ ಕಪಾಟಿಗೆ. ಬಾದಾಮಿ ಹಿಟ್ಟು, ಕಿನ್ವಾ, ಹಾಲಿಲ್ಲದ ಚೀಸು, ಗೋಧಿಯಿಲ್ಲದ ಬ್ರೆಡ್ಡು. ತಿಂಗಳ ಕೊನೆಗೆ ಬಿಲ್ಲು ನೋಡಿ ಉತ್ಸಾಹ ಇಳಿಯುತ್ತದೆ. ಆ ಬ್ರೆಡ್ಡಿನ ಮೊದಲ ತುತ್ತಿಗೇ ಇಳಿದರೂ ಆಶ್ಚರ್ಯವಿಲ್ಲ. ಬ್ರೆಡ್ಡು ಬೆಣ್ಣೆಯೇ ಊಟವಾಗಿರುವ ನಾಡಿನಲ್ಲಿ ಅವಕ್ಕೆ ಬದಲಿ ಹುಡುಕುವುದು ಸಹಜ. ರಾಗಿ, ಜೋಳ, ಅಕ್ಕಿ, ತೆಂಗು, ಶೇಂಗಾ ಬೆಳೆಯುವ ನಾಡಿನಲ್ಲಿ ತೊಡಕಿರುವುದು ಬೇರೆ ಕಡೆ: ಇಂಗಿನ ಡಬ್ಬಿಯಲ್ಲಿ, ರವೆಯ ಡಬ್ಬದಲ್ಲಿ, ಅನ್ನದ ಮೇಲೆ ಬೀಳುವ ಒಂದು ಮಿಳ್ಳೆ ತುಪ್ಪದಲ್ಲಿ, ಊಟದ ಕೊನೆಯ ಮೊಸರಿನಲ್ಲಿ. ಸೂತ್ರಗಳೂ ಅಲ್ಲಿಂದಲೇ ಹೊರಡಬೇಕು.

1. ಯಾಕೆ ಬಿಡುತ್ತೀರಿ ಎಂಬುದು ಮೊದಲು ಇತ್ಯರ್ಥವಾಗಲಿ

ಇವು ಎರಡು ಪಥ್ಯ, ಒಂದಲ್ಲ. ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಸೀಲಿಯಾಕ್ ಕಾಯಿಲೆ ಇರುವವರ ಸಣ್ಣಕರುಳಿನ ಒಳಪದರವನ್ನು ಅದು ಹಾಳುಗೆಡವುತ್ತದೆ. ಅವರಿಗೆ ಗೋಧಿ ಬಿಡುವುದೇ ಚಿಕಿತ್ಸೆ, ಅದೂ ಜೀವನಪರ್ಯಂತ. 1944–45ರ ಚಳಿಗಾಲದ ಬರಗಾಲದಲ್ಲಿ ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಒಂದು ವಿಚಿತ್ರ ಕಂಡರು: ಬ್ರೆಡ್ಡು ಸಿಗದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಸೊರಗಿದರು. ಗೋಧಿಯ ಮೇಲೆ ಅವರಿಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು. ಅದೇ 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವ್ಯಾಟ್ಸನ್ ಮತ್ತು ಗೆಳೆಯರು, ಹಾಲು ಸೇರಿದಂತೆ ಪ್ರಾಣಿಮೂಲದ ಏನನ್ನೂ ತಿನ್ನದವರ ವೀಗನ್ ಸೊಸೈಟಿ ಕಟ್ಟಿದರು. ಅವರ ಕಾಳಜಿ ಕರುಳಿನದಲ್ಲ, ಹಸುವಿನದು.

ಸೀಲಿಯಾಕ್ ಅನುಮಾನವಿದ್ದರೆ ಪರೀಕ್ಷೆ ಮುಗಿಯುವವರೆಗೂ ಗೋಧಿ ಬಿಡಲೇಬೇಡಿ. ಗೋಧಿ ತಿನ್ನುತ್ತಿರುವಾಗ ಮಾತ್ರ ಆ ರಕ್ತಪರೀಕ್ಷೆ ಸರಿಯಾದ ಉತ್ತರ ಕೊಡುತ್ತದೆ. ಬಿಟ್ಟು ಕೆಲವು ತಿಂಗಳಾದ ಮೇಲೆ ಲ್ಯಾಬಿಗೆ ಹೋದರೆ, ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಕಾಯಿಲೆಯೇ ಇಲ್ಲದವರಿಗೆ ಗ್ಲುಟೆನ್ ವಿಷವೇನಲ್ಲ. ಪಕ್ಕದ ಮನೆಯವರು ತೆಳ್ಳಗಾದರು ಎಂಬುದು ಗೋಧಿ ಬಿಡಲು ಸಾಕಷ್ಟು ಕಾರಣವೆಂದು ನನಗಂತೂ ಅನ್ನಿಸುವುದಿಲ್ಲ. ಕುತೂಹಲಕ್ಕೆ ಪ್ರಯೋಗ ಮಾಡುವುದಾದರೆ ಮಾಡಿ. ಆದರೆ ನೀವು ಯಾವ ಸಾಲಿನವರು ಎಂಬುದು ನಿಮಗೆ ಗೊತ್ತಿರಲಿ. ಮುಂದಿನ ಎಷ್ಟೋ ಸೂತ್ರಗಳ ಬಿಗಿ ಅದರ ಮೇಲೆ ನಿಂತಿದೆ.

2. ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಎಣಿಸಿ

ಒಂದು ವಾರ ಮನೆಯಲ್ಲಿ ಬೇಯುವುದನ್ನೆಲ್ಲ ಬರೆದಿಡಿ. ಗೋಧಿ, ಮೈದಾ, ಹಾಲು, ತುಪ್ಪ ಯಾವುದೂ ಬೀಳದ ಅಡುಗೆಗೆ ಗುರುತು ಹಾಕಿ. ಪಟ್ಟಿ ಉದ್ದವಾಗಿಯೇ ಇರುತ್ತದೆ. ಮಂಡ್ಯ, ಹಾಸನದ ಕಡೆಯಾದರೆ ರಾಗಿ ಮುದ್ದೆ, ಬಸ್ಸಾರು, ಉಪ್ಪುಸಾರು, ಅವರೆಕಾಳು ಸಾರು, ಹುರುಳಿ ಸಾರು. ಧಾರವಾಡ, ವಿಜಯಪುರದ ಕಡೆ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಕರಾವಳಿಯಲ್ಲಿ ನೀರುದೋಸೆ, ಪತ್ರೊಡೆ, ಪುಂಡಿ, ಹಲಸಿನೆಲೆಯ ಕೊಟ್ಟೆ ಕಡುಬು, ಒತ್ತು ಶ್ಯಾವಿಗೆಗೆ ಕಾಯಿಹಾಲು. ಕೊಡಗಿನಲ್ಲಿ ಕಡಂಬುಟ್ಟು, ನೂಪುಟ್ಟು. ಇದರ ಜೊತೆಗೆ ಎಲ್ಲೆಡೆಯ ಇಡ್ಲಿ, ಅವಲಕ್ಕಿ, ಚಿತ್ರಾನ್ನ, ಪುಳಿಯೋಗರೆ, ಅಕ್ಕಿ ರೊಟ್ಟಿ, ಕೋಸಂಬರಿ, ಉಸಲಿ.

ಈ ಪಟ್ಟಿಯಿಂದ ಮನೆಮಂದಿಯೆಲ್ಲ ಇಷ್ಟಪಡುವ ಹತ್ತು ಅಡುಗೆ ಆರಿಸಿ, ಮೊದಲ ತಿಂಗಳು ಅವನ್ನೇ ತಿರುಗಿಸಿ. ಚಪಾತಿಗೆ ಬದಲಿ ಏನು ಎಂದು ಕೇಳಿಕೊಂಡು ಕೂತರೆ ದಿನವೂ ಚಪಾತಿಯದೇ ನೆನಪು. ಇವತ್ತು ಮುದ್ದೆ ಎಂದುಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ.

3. ರವೆಯನ್ನು ಗುರುತು ಹಿಡಿಯಿರಿ

ಮೈದಾ ಗೋಧಿಯದೇ ಎಂಬುದು ಎಲ್ಲರಿಗೂ ಗೊತ್ತು. ರವೆಯ ವಿಷಯದಲ್ಲಿ ಮಾತ್ರ ಬಲ್ಲವರೂ ಜಾರುತ್ತಾರೆ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಬನ್ಸಿ ರವೆ ಮೂರೂ ಗೋಧಿಯವೇ. ಅಂಗಡಿಯಲ್ಲಿ ಇಡ್ಲಿ ರವೆ ಎಂದು ಮಾರುವುದು ಅಕ್ಕಿಯದು. ಹಾಗಾಗಿ ಇಡ್ಲಿ ಸರಿ, ರವೆ ಇಡ್ಲಿ ಸಲ್ಲ. ದೋಸೆ ಸರಿ, ರವೆ ದೋಸೆ ಸಲ್ಲ. ಶ್ಯಾವಿಗೆ ಅಕ್ಕಿಯದೋ ಗೋಧಿಯದೋ ಕೇಳಿ. ಮದ್ದೂರು ವಡೆಯಲ್ಲಿ ರವೆ, ಮೈದಾ ಎರಡೂ ಉಂಟು. ಗೋಳಿಬಜೆಗೆ, ಮಂಗಳೂರು ಬನ್ಸಿಗೆ ಮೈದಾ ಜೊತೆ ಮೊಸರು. ನಿಪ್ಪಟ್ಟು, ಕೋಡುಬಳೆ ಮನೆಮನೆಗೆ ಬೇರೆ ಬೇರೆ, ಕೇಳಿಯೇ ತಿನ್ನಬೇಕು.

ಹೊಟ್ಟೆ ಉರಿಸುವುದು ರಾಗಿ ಬಿಸ್ಕತ್ತು. ಪೊಟ್ಟಣದ ಮೇಲೆ ರಾಗಿ ತೆನೆಯ ಚಿತ್ರ, ಒಳಗೆ ಬಹುಪಾಲು ಗೋಧಿ ಹಿಟ್ಟು. ಮಲ್ಟಿಗ್ರೇನ್ ಹಿಟ್ಟಿನದೂ ಇದೇ ಕಥೆ: ಅದು ಗೋಧಿಯೇ, ಉಳಿದ ಧಾನ್ಯಗಳು ನೆಂಟರಂತೆ ಬಂದು ಹೋದವು. ಓಟ್ಸ್‌ನಲ್ಲಿ ಸ್ವತಃ ಗೋಧಿಯ ಗ್ಲುಟೆನ್ ಇಲ್ಲದಿದ್ದರೂ ಹೊಲದಲ್ಲಿ, ಕಾರ್ಖಾನೆಯಲ್ಲಿ ಗೋಧಿಯ ಜೊತೆ ಬೆರೆತಿರುತ್ತದೆ. ಸೀಲಿಯಾಕ್ ಇರುವವರು ಗ್ಲುಟೆನ್ ಮುಕ್ತವೆಂದು ಮುದ್ರಿಸಿದ ಓಟ್ಸನ್ನೇ ತರಬೇಕು, ಅದನ್ನೂ ವೈದ್ಯರನ್ನು ಕೇಳಿ. ಇನ್ನು ಗೋಬಿ ಮಂಚೂರಿಗೆ ಮೈದಾ ಹಿಟ್ಟು, ಅದರ ಸೋಯಾ ಸಾಸಿಗೂ ಸಾಮಾನ್ಯವಾಗಿ ಗೋಧಿ.

4. ಇಂಗಿನ ಡಬ್ಬಿ ತಿರುಗಿಸಿ ಓದಿ

ನಮ್ಮ ಅಡುಗೆಮನೆಯ ದೊಡ್ಡ ಗುಟ್ಟು ಇರುವುದು ಇಲ್ಲಿ. ಇಂಗು ಫೆರುಲಾ ಜಾತಿಯ ಗಿಡದ ಬೇರಿನಿಂದ ಒಸರುವ ಅಂಟು. ಆಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುತ್ತದೆ. ಭಾರತದಲ್ಲಿ ಬೆಳೆಸಿ ನೋಡಲು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದೇ 2020ರಲ್ಲಿ. ಶುದ್ಧ ಇಂಗಿನ ಘಾಟು ತಡೆಯಲಾಗದ್ದು, ಬೆಲೆಯೂ ಹಾಗೆಯೇ. ಆದ್ದರಿಂದ ಅಂಗಡಿಯ ಡಬ್ಬಿಗೆ ಬರುವ ಇಂಗಿಗೆ ತಿನ್ನುವ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿಯದು, ಕೆಲವು ತಯಾರಕರಲ್ಲಿ ಅಕ್ಕಿಯದು.

ಈಗ ಯೋಚಿಸಿ: ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಉಪ್ಪಿನಕಾಯಿ, ವಡೆ, ಚಕ್ಕುಲಿ, ಕೋಸಂಬರಿಯ ಒಗ್ಗರಣೆ. ಇಂಗಿಲ್ಲದ ಜಾಗ ಯಾವುದು? ಚಪಾತಿ ಬಿಟ್ಟು, ಬಿಸ್ಕತ್ತು ಬಿಟ್ಟು, ಆದರೂ ಹೊಟ್ಟೆ ಸರಿಹೋಗಲಿಲ್ಲ ಎನ್ನುವ ಸೀಲಿಯಾಕ್ ರೋಗಿಗಳು ಮೊದಲು ಹುಡುಕಬೇಕಾದದ್ದು ಈ ಚಿಟಿಕೆಯನ್ನು. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಅದನ್ನು ತನ್ನಿ. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆಗೆ ಬದಲಾಗಿ. ಬರೀ ವೀಗನ್ ಆಗಲು ಹೊರಟವರಿಗೆ ಇಂಗಿನ ಗೊಡವೆಯೇ ಇಲ್ಲ.

5. ಹಸಿರು ಚುಕ್ಕೆ ಸಾಲದು

ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಹಾಲು, ಬೆಣ್ಣೆ, ಜೇನು ಎಲ್ಲಕ್ಕೂ ಅದೇ ಚುಕ್ಕೆ. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ನಿಯಮ ತಂದು ಬೇರೆ ಗುರುತು ಕೊಟ್ಟಿದೆ: ಹಸಿರು ಬಣ್ಣದ ವಿ ಅಕ್ಷರ, ಅದಕ್ಕೊಂದು ಎಲೆ. ಗ್ಲುಟೆನ್ ಮುಕ್ತ ಎಂದು ಮುದ್ರಿಸಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮಿತಿಯನ್ನು ಮೀರುವಂತಿಲ್ಲ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆದ್ದಿರುತ್ತದೆ ಎಂದುಕೊಳ್ಳಬೇಡಿ. ಗ್ಲುಟೆನ್ ಮುಕ್ತ ಕೇಕಿನಲ್ಲಿ ಮೊಟ್ಟೆ, ಬೆಣ್ಣೆ ಧಾರಾಳ, ವೀಗನ್ ನಗೆಟ್‌ಗಳಲ್ಲಿ ಗೋಧಿಯ ಪ್ರೋಟೀನೇ ಬಂಡವಾಳ.

ಎಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಸಾಲೊಂದು ಇರುತ್ತದೆ. ಗೋಧಿ, ಹಾಲು, ಸೋಯಾ ಇದ್ದರೆ ಅಲ್ಲಿ ಹೇಳಲೇಬೇಕು. ಹಾಲು ಎಂಬ ಹೆಸರಿಲ್ಲದೆ ಒಳಬರುವ ಹಾಲಿಗೆ ವೇ, ಕೇಸೀನ್ ಎಂದು ಹೆಸರು.

6. ಗಿರಣಿಗೆ ನಿಮ್ಮದೇ ಸರದಿ ಇರಲಿ

ಸೀಲಿಯಾಕ್ ಇರುವವರಿಗೆ ಮಾತ್ರ ಈ ಸೂತ್ರ. ಉಳಿದವರು ದಾಟಿ ಹೋಗಬಹುದು. ಬಡಾವಣೆಯ ಗಿರಣಿಯಲ್ಲಿ ಯಾರದೋ ಗೋಧಿ ಬೀಸಿದ ಬೆನ್ನಿಗೇ ನಿಮ್ಮ ಜೋಳ ಸುರಿದರೆ ಮೊದಲು ಬರುವುದು ಅವರ ಹಿಟ್ಟು. ಗಿರಣಿ ಒರೆಸಿ ಶುರುಮಾಡುವ ಬೆಳಗಿನ ಹೊತ್ತಿಗೆ ಹೋಗಿ, ಅಥವಾ ರಾಗಿ ಮಾತ್ರ ಬೀಸುವ ಕಲ್ಲು ಬೇರೆ ಇದ್ದರೆ ಅಲ್ಲಿಗೆ ಹೋಗಿ. ಎರಡೂ ಆಗದಿದ್ದರೆ ಮನೆಯಲ್ಲೇ ಬೀಸಲು ಚಿಕ್ಕ ಗಿರಣಿ. ಸಿರಿಧಾನ್ಯ, ಬೇಳೆಗಳನ್ನು ಬೀಸುವ ಮೊದಲು ತಟ್ಟೆಯಲ್ಲಿ ಹರಡಿ ಆರಿಸಿ, ಗೋಧಿ ಕಾಳು ಸೇರಿರುವುದುಂಟು. ಮನೆಯಲ್ಲಿ ಬೇರೆಯವರು ಚಪಾತಿ ತಿನ್ನುತ್ತಾರಾದರೆ ಜರಡಿ, ಲಟ್ಟಣಿಗೆ, ಮಣೆ, ಮರದ ಸೌಟು ನಿಮಗೆ ಪ್ರತ್ಯೇಕ ಇರಬೇಕು. ಹಂಚೂ ಆದರೆ ಬೇರೆಯದೇ. ಪೂರಿ ಕರಿದ ಎಣ್ಣೆಯಲ್ಲಿ ನಿಮ್ಮ ಹಪ್ಪಳ ಬೇಡ.

7. ರೊಟ್ಟಿ ಬಡಿಯಲು ಕಲಿಯಿರಿ

ಗೋಧಿ ಹಿಟ್ಟನ್ನು ಹೇಗೆ ನಾದಿದರೂ ಒಗ್ಗೂಡುವುದು ಗ್ಲುಟೆನ್ ದೆಸೆಯಿಂದ. ಅದಿಲ್ಲದ ಹಿಟ್ಟು ಬಿರಿಯುತ್ತದೆ. ಪರದೇಶದ ಪಾಕವಿಧಾನಗಳು ಇದಕ್ಕೆ ಕ್ಸಾಂಥನ್ ಗೋಂದು ಹಾಕಿ ಎನ್ನುತ್ತವೆ. ನಮ್ಮ ಅಜ್ಜಿಯಂದಿರು ಎಸರು ಇಡುತ್ತಿದ್ದರು. ಕುದಿಯುವ ನೀರು ಬಿದ್ದೊಡನೆ ಜೋಳದ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಗ್ಲುಟೆನ್ ಮಾಡಬೇಕಿದ್ದ ಕೆಲಸವನ್ನು ಅದು ಮಾಡುತ್ತದೆ. ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಹಾಕಿ, ಸೌಟಿನಲ್ಲಿ ಕಲಸಿ, ಕೈ ತಡೆಯುವಷ್ಟು ಆರಿದ ಮೇಲೆ ಜೋರಾಗಿ ನಾದಿ. ಒಂದು ಸಲಕ್ಕೆ ಒಂದೆರಡು ರೊಟ್ಟಿಗಾಗುವಷ್ಟು ಮಾತ್ರ. ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ನೀರು ಸವರಿ, ಆ ನೀರು ಆರುವಷ್ಟರಲ್ಲಿ ತಿರುವಿ ಹಾಕಿ. ಹಿಟ್ಟು ಹಳತಾದಷ್ಟೂ ಜಿಗಿ ಕಳೆದುಕೊಳ್ಳುತ್ತದೆ. ರೊಟ್ಟಿ ಅಂಚಿನಲ್ಲಿ ಸೀಳುತ್ತಿದ್ದರೆ ನಿಮ್ಮ ಕೈಯನ್ನು ಬೈಯುವ ಮೊದಲು ಹಿಟ್ಟಿನ ವಯಸ್ಸು ನೋಡಿ. ಎಂಟು ಹತ್ತು ದಿನಕ್ಕಾಗುವಷ್ಟೇ ಬೀಸಿಸುವುದು ಜಾಣತನ.

ಬಡಿಯಲು ಬರುವವರೆಗೆ ಬಾಳೆಲೆಯ ಮೇಲೆ ಅಕ್ಕಿ ರೊಟ್ಟಿ ತಟ್ಟಿ. ತುರಿದ ಸೌತೆಕಾಯಿ, ಸಬ್ಬಸಿಗೆ ಸೊಪ್ಪು, ಈರುಳ್ಳಿ ಸೇರಿಸಿದರೆ ಬಿರಿದದ್ದೂ ಕಾಣುವುದಿಲ್ಲ. ದೋಸೆ, ಇಡ್ಲಿಯಲ್ಲಿ ಇದೇ ಒಗ್ಗೂಡಿಸುವ ಕೆಲಸ ಉದ್ದಿನದು: ಅದರ ಲೋಳೆ ಹುದುಗಿನ ಗಾಳಿಯನ್ನು ಹಿಡಿದಿಡುತ್ತದೆ. ಉದ್ದು ಚೆನ್ನಾಗಿ ರುಬ್ಬಿದ್ದರೆ ನವಣೆಯ ಇಡ್ಲಿಯೂ ಮೃದು, ಸಾಮೆಯ ದೋಸೆಯೂ ಗರಿಗರಿ.

8. ಮೊಸರಿಗೆ ಮೊದಲೇ ದಾರಿ ಹುಡುಕಿಡಿ

ಕನ್ನಡಿಗರ ವೀಗನ್ ಪ್ರಯೋಗ ಕುಸಿಯುವ ಜಾಗ ಇದು. ತುಪ್ಪ ಬಿಡಬಹುದು, ಪನೀರಂತೂ ನಮ್ಮದಲ್ಲವೇ ಅಲ್ಲ. ಮೊಸರನ್ನವಿಲ್ಲದೆ ಊಟ ಮುಗಿಯಿತು ಎಂದು ಹೊಟ್ಟೆಗೆ ತಿಳಿಸುವುದು ಹೇಗೆ?

ಎರಡು ದಾರಿ. ಮೊದಲನೆಯದು ಶೇಂಗಾ ಮೊಸರು. ರಾತ್ರಿ ನೆನೆಸಿದ ಶೇಂಗಾ ನುಣ್ಣಗೆ ರುಬ್ಬಿ, ಸೋಸಿ, ಆ ಹಾಲನ್ನು ತಳ ಹಿಡಿಯದಂತೆ ಕುದಿಸಿ. ಉಗುರು ಬೆಚ್ಚಗಾದಾಗ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಡಿ. ಹೆಪ್ಪಿಗೆ ಬೇಕಾದ ಬ್ಯಾಕ್ಟೀರಿಯಾ ಆ ತೊಟ್ಟಿನಲ್ಲಿ ಇರುತ್ತವೆ. ಮೊದಲ ಸಲ ಹುಳಿ ಬರಲು ಹೊತ್ತು ಹಿಡಿಯುತ್ತದೆ, ಆಮೇಲೆ ಇದನ್ನೇ ಹೆಪ್ಪಾಗಿ ಬಳಸಬಹುದು. ಬರಿದೇ ಕುಡಿದರೆ ಶೇಂಗಾ ವಾಸನೆ ತಿಳಿಯುತ್ತದೆ. ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಬಿದ್ದ ಮೊಸರನ್ನದಲ್ಲಿ ಅಷ್ಟಾಗಿ ತಿಳಿಯದು.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ: ಮೊಸರನ್ನು ನಕಲು ಮಾಡದೆ ಹುಳಿಯಿಂದಲೇ ಊಟ ಮುಗಿಸುವುದು. ಉತ್ತರ ಕನ್ನಡದ ಮಾವಿನಕಾಯಿ ಅಪ್ಪೆಹುಳಿ, ಕರಾವಳಿಯ ಪುನರ್ಪುಳಿ ಸಾರು, ಕಾಯಿಹಾಲು ಬೆರೆಸಿದ ಸೋಲ್ ಕಡಿ. ಇವಕ್ಕೆ ಹಸುವಿನ ಹಂಗಿಲ್ಲ, ಮಜ್ಜಿಗೆಯಂತೆಯೇ ಬಾಯಿ ಚೊಕ್ಕ ಮಾಡುತ್ತವೆ.

ಕಾಫಿಯ ಮಾತು ಬೇರೆ. ಸೋಯಾ ಹಾಲು ಬಿಸಿ ಡಿಕಾಕ್ಷನ್ನಿನ ಹುಳಿಗೆ ಒಡೆಯುವುದುಂಟು, ತೆಂಗಿನ ಹಾಲು ಕಾಫಿಯನ್ನೇ ಪಾಯಸ ಮಾಡಿಬಿಡುತ್ತದೆ. ಗೋಡಂಬಿ ಹಾಲು ಸುಮಾರಾಗಿ ಹೊಂದುತ್ತದೆ. ಕೊಡಗಿನವರ ಹಾಗೆ ಹಾಲಿಲ್ಲದ ಬೆಲ್ಲದ ಕಾಫಿ ರೂಢಿಸಿಕೊಂಡರೆ ಈ ಜಂಜಾಟವೇ ಇಲ್ಲ.

9. ಬಿ12 ವಿಷಯದಲ್ಲಿ ಚೌಕಾಶಿ ಇಲ್ಲ

ಈ ವಿಟಮಿನ್ ದಿನಕ್ಕೆ ಬೇಕಾದದ್ದು ಎರಡು ಚಿಲ್ಲರೆ ಮೈಕ್ರೋಗ್ರಾಂ ಮಾತ್ರ. ಆದರೆ ಅಷ್ಟನ್ನೂ ನಂಬಿಕೆಯಿಂದ ಕೊಡುವ ಸಸ್ಯ ಯಾವುದೂ ಇಲ್ಲ. ಹುದುಗಿದ ಇಡ್ಲಿ ಹಿಟ್ಟಿನಲ್ಲಿದೆ, ಸ್ಪಿರುಲಿನಾದಲ್ಲಿದೆ ಎಂಬ ಮಾತು ಕಿವಿಗೆ ಬೀಳುತ್ತಿರುತ್ತದೆ. ಇಡ್ಲಿಯದು ಭರವಸೆಗೆ ಸಾಲದು, ಸ್ಪಿರುಲಿನಾದಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಕೆಲಸ ಮಾಡದ ಸೋಗಿನ ಬಿ12. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೇ ಈ ಕೊರತೆ ನಮ್ಮ ದೇಶದಲ್ಲಿ ಸಾಮಾನ್ಯ. ಹಾಲನ್ನೂ ಬಿಟ್ಟರೆ ಕೇಳಬೇಕೆ?

ಮೋಸವೆಂದರೆ ಪಿತ್ತಜನಕಾಂಗದಲ್ಲಿ ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣುವುದಿಲ್ಲ, ವರ್ಷಗಳೇ ಹಿಡಿಯಬಹುದು. ಆಮೇಲೆ ಕೈಕಾಲು ಜೋಮು, ಸುಸ್ತು, ಮರೆವು. ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆಯೂ ಉಳಿಯಬಹುದು. ಸೊಪ್ಪು, ಕಾಳುಗಳಲ್ಲಿ ಹೇರಳವಾಗಿರುವ ಫೋಲೇಟ್ ರಕ್ತಹೀನತೆಯನ್ನು ಮರೆಮಾಚುವುದರಿಂದ ಪತ್ತೆ ಇನ್ನೂ ತಡ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಎಚ್ಚರ ದುಪ್ಪಟ್ಟು ಬೇಕು, ಆ ಮಾತ್ರೆಯೂ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಹಾಲು ಬಿಡುವ ಮೊದಲೇ ಒಂದು ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆ ಶುರು ಮಾಡಿ. ಗರ್ಭಿಣಿಯರು, ಎದೆಹಾಲು ಕೊಡುವವರು, ಚಿಕ್ಕ ಮಕ್ಕಳು ವೈದ್ಯರ ಕಣ್ಗಾವಲಿಲ್ಲದೆ ಈ ಪಥ್ಯಕ್ಕೆ ಇಳಿಯಲೇಬಾರದು.

10. ತಟ್ಟೆಯಲ್ಲಿ ಕಾಳಿಗೆ ಜಾಗ ಹೆಚ್ಚಿಸಿ

ಆಲೂ ಚಿಪ್ಸು, ಕೋಲಾ ಸಹ ಗ್ಲುಟೆನ್ ಇಲ್ಲದ ವೀಗನ್ ಆಹಾರವೇ. ಸಾಬಕ್ಕಿ ವಡೆಯೂ ಅಷ್ಟೆ. ಗೋಧಿ ಬಿಟ್ಟು ಮೂರು ಹೊತ್ತೂ ಬಿಳಿ ಅಕ್ಕಿ ತಿಂದರೆ ಸಕ್ಕರೆ ಏರುತ್ತದೆ, ಪ್ರೋಟೀನು ಇಳಿಯುತ್ತದೆ. ಐಸಿಎಂಆರ್ ಲೆಕ್ಕದಲ್ಲಿ ದೇಹದ ತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ಜೋಳದ ಹಿಟ್ಟಿನಿಂದ ಹತ್ತು, ಐವತ್ತು ಗ್ರಾಂ ತೊಗರಿಬೇಳೆಯಿಂದ ಹನ್ನೊಂದು, ಅಷ್ಟೇ ಹೆಸರುಕಾಳಿನಿಂದ ಇನ್ನೊಂದು ಹನ್ನೊಂದು, ಒಂದು ಹಿಡಿ ಶೇಂಗಾದಿಂದ ಏಳು, ಉಳಿದದ್ದು ಅನ್ನದಿಂದ. ಲೆಕ್ಕ ಕೂಡುತ್ತದೆ, ಆದರೆ ಹುಳಿಯಲ್ಲಿ ಬೇಳೆ ಹುಡುಕಬೇಕಾದ ಮನೆಗಳಲ್ಲಿ ಕೂಡುವುದಿಲ್ಲ. ಧಾನ್ಯದಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ಬೇಳೆಯಲ್ಲಿ ಇದೆ. ಎರಡೂ ಒಂದೇ ದಿನದ ಊಟದಲ್ಲಿದ್ದರೆ ಸಾಕು.

ಸುಣ್ಣಕ್ಕೆ ರಾಗಿ: ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಅಷ್ಟೇ ತೂಕದ ಹಾಲಿನಲ್ಲಿ 120ರ ಆಸುಪಾಸು. ರಾಗಿಯ ಸುಣ್ಣ ಪೂರ್ತಿ ಮೈಗೆ ಹತ್ತುವುದಿಲ್ಲ, ಫೈಟೇಟ್ ಅಡ್ಡ ಬರುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿಗೆ ಹುಳಿ ಬರಿಸಿದರೆ ಆ ಅಡ್ಡಿ ತಗ್ಗುತ್ತದೆ. ಜೊತೆಗೆ ಸಿಪ್ಪೆ ಸಹಿತ ಎಳ್ಳಿನ ಪುಡಿ ದಿನಕ್ಕೆರಡು ಚಮಚ. ಒಮೇಗಾ-3ಕ್ಕೆ ಅಗಸೆ ಚಟ್ನಿಪುಡಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಊಟದ ಬೆನ್ನಿಗೆ ಕಾಫಿ, ಚಹಾ ಕುಡಿದರೆ ಅಷ್ಟಾಗಿ ಸೇರುವುದಿಲ್ಲ. ಉಪ್ಪು ಅಯೋಡಿನ್ ಇರುವುದೇ ಆಗಲಿ. ತೆಂಗಿನ ಹಾಲು ಹೆಸರಿಗೆ ಹಾಲು, ಹಸುವಿನ ಹಾಲಿನ ಸುಣ್ಣವಾಗಲಿ ಪ್ರೋಟೀನಾಗಲಿ ಅದರಲ್ಲಿಲ್ಲ.

11. ಮದುವೆಮನೆಯಲ್ಲಿ ಭಟ್ಟರನ್ನು ಹಿಡಿಯಿರಿ

ಬಡಿಸುವ ಹುಡುಗರಿಗೆ ಏನೂ ಗೊತ್ತಿರುವುದಿಲ್ಲ. ಪಂಕ್ತಿಗೆ ಕೂರುವ ಮೊದಲೇ ಅಡುಗೆಯವರ ಬಳಿ ಹೋಗಿ, "ಭಟ್ರೇ, ಪಲ್ಯಕ್ಕೆ ತುಪ್ಪ ಹಾಕಿದೀರಾ? ಸಾರಿಗೆ ಯಾವ ಇಂಗು?" ಎಂದು ಕೇಳಿದರೆ ಹೆಮ್ಮೆಯಿಂದಲೇ ಹೇಳುತ್ತಾರೆ, ತುಪ್ಪ ಬೀಳುವ ಮೊದಲೇ ಒಂದು ಪಾತ್ರೆಯಲ್ಲಿ ಎತ್ತಿಡುವುದೂ ಉಂಟು. ಹೋಟೆಲಿನಲ್ಲಿ "ಎಣ್ಣೆ ಹಾಕಿ ಮಾಡಿಸಿ, ತುಪ್ಪ ಬೆಣ್ಣೆ ಏನೂ ಬೇಡ" ಎಂಬಷ್ಟು ಸಾಕು. ವೀಗನ್ ಎಂದು ಭಾಷಣ ಶುರುಮಾಡಿದರೆ ಹಿಂದಿನ ಟೇಬಲ್ಲಿನವರ ದೋಸೆ ತಣ್ಣಗಾಗುತ್ತದೆ.

ನೆಂಟರ ಮನೆಯಲ್ಲಿ ಮಾತ್ರ ಜಾಣ್ಮೆ ಬೇಕು. "ಅತ್ತೆ, ಡಾಕ್ಟರು ಗೋಧಿ ಬೇಡ ಅಂದಿದಾರೆ" ಎಂದರೆ ಯಾರೂ ಬಲವಂತ ಮಾಡುವುದಿಲ್ಲ. "ಹಾಲು ಕುಡಿಯೋದು ತಪ್ಪು" ಎಂದರೆ ರಾತ್ರಿಯಿಡೀ ವಾದ. ನಿಮ್ಮ ತಟ್ಟೆಗೆ ಏನು ಬೇಕೋ ಅಷ್ಟನ್ನು ಹೇಳಿ, ಅವರ ತಟ್ಟೆಯ ಸುದ್ದಿಗೆ ಹೋಗಬೇಡಿ.

12. ಹಬ್ಬಕ್ಕೆ ಬೆಲ್ಲ, ಕಾಯಿ ಸಾಕು

ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಬೇವುಬೆಲ್ಲ ಹಾಗೇ ನಡೆಯುತ್ತವೆ. ಚೌತಿಯ ಕಡುಬಿಗೆ ಅಕ್ಕಿ ಹಿಟ್ಟಿನ ಕಣಕ, ಕಾಯಿಬೆಲ್ಲದ ಹೂರಣ. ಹೆಸರುಬೇಳೆ ಪಾಯಸಕ್ಕೆ ಕಾಯಿಹಾಲು, ದ್ರಾಕ್ಷಿ ಗೋಡಂಬಿ ಹುರಿಯಲು ತೆಂಗಿನೆಣ್ಣೆ. ಹೋಳಿಗೆಯೊಂದನ್ನು ಮಾತ್ರ ಬಿಟ್ಟುಕೊಡಿ. ಮೈದಾ ಇಲ್ಲದ ಹೋಳಿಗೆಗೆ ಹೆಣಗುವ ಬದಲು ಹೂರಣವನ್ನೇ ಬಟ್ಟಲಿಗೆ ಹಾಕಿಕೊಂಡು ತಿನ್ನುವುದು ಮೇಲು. ಹೋಳಿಗೆ ಸಾರಂತೂ ನಿಮ್ಮದೇ.

13. ಪ್ರಯಾಣಕ್ಕೆ ಖಡಕ್ ರೊಟ್ಟಿ ಕಟ್ಟಿಕೊಳ್ಳಿ

ವಿಮಾನದಲ್ಲಿ ವಿಶೇಷ ಊಟ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಬಗೆ. ಗ್ಲುಟೆನ್ ಇಲ್ಲದ್ದು ಕೇಳಿದರೆ ಕೋಳಿ ಬರಬಹುದು, ವೀಗನ್ ಕೇಳಿದರೆ ಬ್ರೆಡ್ಡು ಬರಬಹುದು. ಹಣ್ಣಿನ ತಟ್ಟೆ ಸಿಗುತ್ತದಾದರೆ ಅದನ್ನೇ ಬರೆಸಿ. ರೈಲು, ಬಸ್ಸಿನಲ್ಲಾದರೆ ಚಿಂತೆಯಿಲ್ಲ. ಚೆನ್ನಾಗಿ ಒಣಗಿಸಿದ ಜೋಳದ, ಸಜ್ಜೆಯ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಒಡೆದು ಡಬ್ಬಿಗೆ ತುಂಬಿ, ಪಕ್ಕದಲ್ಲಿ ಶೇಂಗಾ ಹಿಂಡಿ, ಒಂದು ಸಣ್ಣ ಶೀಶೆ ಎಣ್ಣೆ. ಹಿಂಡಿ ಮನೆಯದೇ ಇರಲಿ, ಅಂಗಡಿಯದಾದರೆ ಇಂಗಿನ ಸಾಲು ಓದಿ. ಈರುಳ್ಳಿ, ನಿಂಬೆಹಣ್ಣು ಇಳಿದ ಊರಿನಲ್ಲಿ ಕೊಂಡರಾಯಿತು.